ಒಂದೇ ದೀನ್, ಎರಡು ದಾರಿ

ನಾವು ಮಂಗಳೂರು ಕಡೆಯಿಂದ ಹುಬ್ಬಳ್ಳಿಗೆ ಬಂದು ನೆಲೆಸಿದ ಹೊಸದರ ಮಾತು. ಮನೆಯ ಕಿರಿಯ ಮಗನಿಗೆ ಆಗ ಒಂಬತ್ತು ವರ್ಷ. ಮೊದಲ ದಿನ ಬೆಳಿಗ್ಗೆ ಹತ್ತಿರದ ಮಸೀದಿಗೆ ಸುಬ್‌ಹಿ ನಮಾಝಿಗೆ ಕರೆದುಕೊಂಡು ಹೋದೆವು. ಎರಡನೇ ರಕಅತ್‌ನಲ್ಲಿ ಇಮಾಮರು ರುಕೂಇನಿಂದ ಎದ್ದರು. ಊರಿನ ಮದ್ರಸದಲ್ಲಿ ಕಲಿತ ಹಾಗೆ ಹುಡುಗ ಎರಡೂ ಕೈ ಎತ್ತಿ ಕುನೂತ್‌ಗೆ ನಿಂತ. ಇಮಾಮರು ತಕ್ಬೀರ್ ಹೇಳಿ ನೇರ ಸುಜೂದಿಗೆ ಹೋದರು. ಸಾಲು ಸಾಲು ಜನ ನೆಲಕ್ಕೆ ಬಾಗಿದರು. ಪಕ್ಕದಲ್ಲಿ ಎರಡು ಪುಟ್ಟ ಕಾಲು ಮಾತ್ರ ಅಲುಗಾಡದೆ ನಿಂತದ್ದು ನಾವು ಬಾಗುವಾಗಲೇ ಕಂಡಿತು.

ಮನೆಗೆ ಬರುವ ದಾರಿಯಲ್ಲಿ ಅವನದ್ದು ಒಂದೇ ಪ್ರಶ್ನೆ: "ಅವರು ಕುನೂತ್ ಮರೆತದ್ದಾ, ಅಲ್ಲ ನಾವು ಹೆಚ್ಚು ಮಾಡುವುದಾ? ಯಾರದ್ದು ಸರಿ?"

ಆ ದಿನ ನಾವು "ಅವರು ಹನಫಿ, ನಾವು ಶಾಫಿ" ಎಂದು ಹೇಳಿ ಬಾಯಿ ಮುಚ್ಚಿಸಿದೆವು. ಅದು ಉತ್ತರವಲ್ಲ, ಬರೇ ಹೆಸರು ಎಂದು ನಮಗೂ ಗೊತ್ತಿತ್ತು. ಪ್ರಶ್ನೆ ಅಲ್ಲಿಗೆ ನಿಲ್ಲಲೂ ಇಲ್ಲ. ಅಸರ್ ಬಾಂಗ್ ಊರಿಗಿಂತ ಮುಕ್ಕಾಲು ಗಂಟೆ, ಒಂದು ಗಂಟೆ ತಡ ಏಕೆ? ಶಾಲೆಯ ಗೆಳೆಯ ಇದನ್ನು ಫಜರ್ ಅನ್ನುತ್ತಾನೆ, ನಾವು ಸುಬ್‌ಹಿ ಅನ್ನುವುದು ಏಕೆ? ಊರಿನಿಂದ ತಂದ ಏಡಿ ಗಸಿಯನ್ನು ಪಕ್ಕದ ಮನೆಗೆ ಕೊಟ್ಟರೆ ಅವರು ನಯವಾಗಿ "ನಾವು ಇದನ್ನ ತಿನ್ನಂಗಿಲ್ರೀ" ಎಂದು ಪಾತ್ರೆ ವಾಪಸು ಕೊಟ್ಟದ್ದು ಏಕೆ? ಅವರೂ ಮುಸ್ಲಿಮರಲ್ಲವೇ?

ಕರಾವಳಿ ಬಿಟ್ಟು ಘಟ್ಟ ಹತ್ತಿದ ಬ್ಯಾರಿ ಮನೆಗಳಿಗೆಲ್ಲ ಈ ಪ್ರಶ್ನೆಗಳು ಗೊತ್ತಿರುತ್ತವೆ. ಹೋಟೆಲು, ಬೇಕರಿ, ಹಣ್ಣಿನ ವ್ಯಾಪಾರ, ನೌಕರಿ ಅಂತ ಹುಬ್ಬಳ್ಳಿ, ಧಾರವಾಡಕ್ಕೆ ಬಂದವರು ಮಕ್ಕಳಿಗೆ ಒಂದಲ್ಲ ಒಂದು ದಿನ ಉತ್ತರ ಹೇಳಲೇಬೇಕು. ನಮಗೆ ಅದು ಸಿಕ್ಕಿದ್ದು ಮೊದಲು ಭೂಪಟದಲ್ಲಿ, ಆಮೇಲೆ ಕಿತಾಬಿನಲ್ಲಿ.

ಎರಡು ಕಡಲಿಗೆ ಹರಿಯುವ ಮಳೆ

ಧಾರವಾಡದ ಸೋಮೇಶ್ವರದಲ್ಲಿ ಶಾಲ್ಮಲಾ ನದಿ ಹುಟ್ಟುತ್ತದೆ. ಅದು ಪಶ್ಚಿಮಕ್ಕೆ ತಿರುಗಿ ಬೇಡ್ತಿಯಾಗಿ, ಆಮೇಲೆ ಗಂಗಾವಳಿಯಾಗಿ, ಅಂಕೋಲೆಯ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ಇದೇ ಸೀಮೆಯ ಬೆಣ್ಣಿಹಳ್ಳದ ನೀರು ಹೋಗುವುದು ಮತ್ತೊಂದು ಕಡೆಗೆ. ಅದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಒಂದೇ ಮೋಡ ಸುರಿದ ಮಳೆ, ಬಿದ್ದ ಜಾಗದ ಇಳಿಜಾರು ನೋಡಿಕೊಂಡು ಎರಡು ಕಡಲಿಗೆ ಹಂಚಿಹೋಗುತ್ತದೆ.

ನಾವು ಈಗ ವಾಸ ಮಾಡುವ ಊರು ಇಂಥ ಇಳಿಜಾರುಗಳ ನಡುವಿನ ದಿಬ್ಬದ ಮೇಲಿದೆ. ಕೆಳಗೆ ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ. ಇಲ್ಲಿ 800ರ ಆಸುಪಾಸು. ಅಲ್ಲಿ ಕೆಂಪು ಮುರಕಲ್ಲು, ಇಲ್ಲಿ ಕಪ್ಪು ಎರೆಮಣ್ಣು. ಅಲ್ಲಿ ಭತ್ತ, ತೆಂಗು, ಅಡಿಕೆ; ಇಲ್ಲಿ ಜೋಳ, ಹತ್ತಿ, ಮೆಣಸಿನಕಾಯಿ. ನಡುವೆ ಅರಬೈಲ್ ಘಟ್ಟ. ರಾತ್ರಿ ಬಸ್ಸಿನಲ್ಲಿ ಮಲಗಿ ಬರುವ ನಮಗೆ ಅದು ಕಿವಿ ಮುಚ್ಚಿಕೊಳ್ಳುವಷ್ಟು ಹೊತ್ತಿನ ತಿರುವು. ನೂರಾರು ವರ್ಷಗಳ ಹಿಂದೆ ಅದು ಎರಡು ಲೋಕಗಳ ನಡುವಿನ ಗೋಡೆ. ಆ ಗೋಡೆಯ ಒಂದು ಬದಿಗೆ ಇಸ್ಲಾಮ್ ಬಂದದ್ದು ಹಾಯಿ ಹಡಗಿನಲ್ಲಿ, ಇನ್ನೊಂದು ಬದಿಗೆ ಬಂದದ್ದು ಕುದುರೆ ಮತ್ತು ಎತ್ತಿನ ಗಾಡಿಯ ದಾರಿಯಲ್ಲಿ.

ಗಾಳಿ ಕಾದವರ ಮಕ್ಕಳು

ಕಡಲ ದಾರಿಯ ಕತೆ ಗಾಳಿಯ ಕತೆ. ಅರಬ್ಬಿ ಸಮುದ್ರದಲ್ಲಿ ಮಳೆಗಾಲದ ಗಾಳಿ ನೈಋತ್ಯದಿಂದ ಬೀಸಿ ಹಡಗನ್ನು ನಮ್ಮ ದಡಕ್ಕೆ ತರುತ್ತದೆ. ಚಳಿಗಾಲದಲ್ಲಿ ಅದೇ ಗಾಳಿ ಈಶಾನ್ಯದಿಂದ ತಿರುಗಿ ಬೀಸಿ ಹಡಗನ್ನು ಅರೇಬಿಯಕ್ಕೆ ಒಯ್ಯುತ್ತದೆ. ಕರಿಮೆಣಸು ಕೊಳ್ಳಲು ಬಂದ ಅರಬ್ ವ್ಯಾಪಾರಿ ಬಯಸಿದಾಗ ಬಂದು, ಬಯಸಿದಾಗ ಹೋಗಲು ಆಗುತ್ತಿರಲಿಲ್ಲ. ಗಾಳಿ ತಿರುಗುವ ತನಕ ತಿಂಗಳುಗಟ್ಟಲೆ ದಡದಲ್ಲಿ ಕಾಯಬೇಕು. ಕಾಯುವವನಿಗೆ ಮನೆ ಬೇಕು, ಊಟ ಬೇಕು, ಸಂಸಾರ ಬೇಕು. ಹಾಗೆ ಮಲಬಾರಿನಿಂದ ಕೊಂಕಣದ ತನಕ ದಡದ ಊರುಗಳಲ್ಲಿ ಮನೆಗಳು ಎದ್ದವು. ಸ್ಥಳೀಯರೂ ದೀನ್‌ಗೆ ಬಂದರು. ತಂದೆ ಅರಬಿ ಮಾತಾಡಿರಬಹುದು. ಮಗು ಮಾತು ಕಲಿತದ್ದು ತಾಯಿಯಿಂದ. ಮಲಯಾಳಂ ಮೈಕಟ್ಟು, ತುಳುವಿನ ಸಹವಾಸ, ಅರಬಿ, ಫಾರ್ಸಿ ಪದಗಳು ಸೇರಿದ ನಮ್ಮ ಬ್ಯಾರಿ ಭಾಷೆಯ ಹಿಂದೆ ಇರುವುದು ಈ ಗಾಳಿ. ನಮ್ಮ ಹೆಸರೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂದದ್ದು ಎಂದು ಬಲ್ಲವರು ಹೇಳುತ್ತಾರೆ.

ಬಂದವರು ಮುಸ್ಲಿಮರು ಮಾತ್ರ ಅಲ್ಲ. ಇಂದಿನ ಟುನೀಶಿಯಾದ ಯಹೂದಿ ವ್ಯಾಪಾರಿ ಅಬ್ರಹಾಂ ಬಿನ್ ಯಿಜು ಏಡನ್ ಬಂದರಿನ ಮೂಲಕ ಮಂಗಳೂರಿಗೆ ಬಂದು, 1132ರಿಂದ 1149ರ ತನಕ ಹೆಚ್ಚಿನ ಕಾಲ ಇದೇ ಕರಾವಳಿಯಲ್ಲಿ ಇದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ನಡೆಸಿದ, ಅಶು ಎಂಬ ಸ್ಥಳೀಯ ಹೆಣ್ಣಿನೊಂದಿಗೆ ಸಂಸಾರ ಹೂಡಿದ. ಅವನ ಪತ್ರಗಳು ಹಳೇ ಕೈರೋದ ಯಹೂದಿ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಉಳಿದು ನಮ್ಮ ಕಾಲಕ್ಕೆ ಸಿಕ್ಕಿವೆ. ಧರ್ಮ ಬೇರೆ, ಬಂದ ದಾರಿ, ಕಾದ ಗಾಳಿ, ಹೂಡಿದ ಸಂಸಾರ ನಮ್ಮ ಹಿರಿಯರದ್ದೇ.

1342ರ ಸುಮಾರಿಗೆ ಇಬ್ನ್ ಬತೂತ ಈ ದಾರಿಯಲ್ಲಿ ಬಂದರು. ಮಂಗಳೂರಿನಲ್ಲಿ ಸುಮಾರು 4000 ಮುಸ್ಲಿಮರು ಇರುವುದನ್ನು, ಫಾರ್ಸ್ ಮತ್ತು ಯಮನ್ ದೇಶದ ವ್ಯಾಪಾರಿಗಳು ಅಲ್ಲಿ ಇಳಿಯುವುದನ್ನು, ಅಲ್ಲಿನ ಖಾಝಿ ಶಾಫಿ ಮದ್‌ಹಬ್‌ನವರು ಎಂಬುದನ್ನು ಬರೆದಿಟ್ಟರು. ಹೊನ್ನಾವರದವರೂ ಶಾಫಿಗಳೇ ಎಂದರು. ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದುದನ್ನು ಎಣಿಸಿ ಹೇಳಿದರು. ಸುಮಾರು 680 ವರ್ಷಗಳ ಹಿಂದೆ ನಮ್ಮ ಕರಾವಳಿಯ ಹೆಣ್ಣುಮಕ್ಕಳು ಕುರ್‌ಆನ್ ಕಂಠಪಾಠ ಮಾಡುತ್ತಿದ್ದರು ಎಂಬುದನ್ನು ನಮ್ಮ ಮನೆಗಳಲ್ಲಿ ಇನ್ನೊಮ್ಮೆ ಓದಿ ಹೇಳಬೇಕು.

ಈಗ ಭೂಪಟ ಬಿಡಿಸಿ ಬೆರಳಿಡಿ. ಯಮನಿನ ಹಳ್ರಮೌತ್, ಆಫ್ರಿಕದ ಪೂರ್ವ ದಡ, ಕೊಂಕಣ, ಭಟ್ಕಳದ ನವಾಯತರು, ನಾವು, ಮಲಬಾರಿನ ಮಾಪಿಳ್ಳೆಗಳು, ಲಕ್ಷದ್ವೀಪ, ಶ್ರೀಲಂಕಾ, ಮಲೇಶಿಯಾ, ಇಂಡೋನೇಶಿಯಾ. ಎಲ್ಲ ಕಡೆ ಹೆಚ್ಚಿನವರು ಶಾಫಿಗಳು. ಹಿಂದೂ ಮಹಾಸಾಗರದ ದಡಕ್ಕೆ ಹೊಲಿದ ಅಂಚಿನ ಹಾಗೆ ಆ ಮದ್‌ಹಬ್ ಹಬ್ಬಿದೆ. ಜಾವಾ ದ್ವೀಪದ ಮೀನುಗಾರ ಮತ್ತು ಉಳ್ಳಾಲದ ಮೀನುಗಾರ ಒಬ್ಬರನ್ನೊಬ್ಬರು ಕಂಡಿಲ್ಲ. ಆದರೆ ಸುಬ್‌ಹಿಯಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಕೈ ಎತ್ತುತ್ತಾರೆ.

ಘಟ್ಟದ ಮೇಲಿನ ದಾರಿ

ಹುಬ್ಬಳ್ಳಿ, ಧಾರವಾಡದ ಕತೆ ಬೇರೆ. ಇಲ್ಲಿಗೆ ದೀನ್ ಬಂದ ಮುಖ್ಯ ದಾರಿ ಮಧ್ಯ ಏಶ್ಯ ಮತ್ತು ಇರಾನಿನಿಂದ ದಿಲ್ಲಿ, ದಿಲ್ಲಿಯಿಂದ ದಕ್ಖನ್. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. 1398ರಲ್ಲಿ ತೈಮೂರ್ ದಿಲ್ಲಿಗೆ ನುಗ್ಗಿದಾಗ ಅಲ್ಲಿಂದ ಹೊರಟ ಖ್ವಾಜಾ ಬಂದೇ ನವಾಝ್ ಕಲಬುರಗಿಗೆ ಬಂದು, 1422ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ನೆಲೆಸಿದರು. ಬಹಮನಿ ಒಡೆದ ಮೇಲೆ ವಿಜಯಪುರದ ಆದಿಲ್‌ಶಾಹಿ, ಅದರ ನಂತರ ಮೊಘಲರು, ಸವಣೂರಿನ ನವಾಬರು. ಸಿಪಾಯಿ, ಗುಮಾಸ್ತ, ಖಾಝಿ, ನೇಕಾರ, ಸೂಫಿ ಎಲ್ಲರೂ ಈ ದಾರಿಯಲ್ಲಿ ಬಂದವರು. ಮಧ್ಯ ಏಶ್ಯದ ತುರ್ಕರು ಹನಫಿಗಳು, ಅವರ ಆಸ್ಥಾನದ ಖಾಝಿಗಳು ಹನಫಿಗಳು. ಬಯಲುಸೀಮೆಯಲ್ಲಿ ಅದೇ ಬೇರು ಬಿಟ್ಟಿತು.

ಇಲ್ಲಿನ ಮಾತು ದಖ್ಖನಿ. ಅದರಲ್ಲಿ ಉರ್ದುವಿನ ಮೈ, ಮರಾಠಿಯ 'ನಕ್ಕೋ', ಕನ್ನಡದ ಏರಿಳಿತ. ವಿಜಯಪುರದ ಕೆಲವು ದೊರೆಗಳು ಶಿಯಾ ಪಂಥದವರು, ಇರಾನಿನ ನಂಟು ಇದ್ದವರು. ಅವರ ಕಾಲದ ಮೊಹರಂ ಇಂದು ಹಳ್ಳಿ ಹಳ್ಳಿಯ ಅಲಾಯಿ ಹಬ್ಬವಾಗಿದೆ. ಮುಸ್ಲಿಮರ ಮನೆ ಒಂದೂ ಇಲ್ಲದ ಊರಲ್ಲೂ ಪಂಜಾ ಕೂರಿಸುತ್ತಾರೆ, ಕರ್ಬಲಾದ ಕತೆಯನ್ನು ಕನ್ನಡದ ರಿವಾಯತ್ ಪದವಾಗಿ ಹಾಡುತ್ತಾರೆ. ಕರಾವಳಿಯಿಂದ ಬಂದ ನಮಗೆ ಮೊದಲ ವರ್ಷ ಇದು ಏನೆಂದೇ ಅರ್ಥವಾಗಲಿಲ್ಲ. ಆ ರಿವಾಯತ್ ಪದಗಳನ್ನು ಕಟ್ಟಿದವರಲ್ಲಿ ಶಿಶುನಾಳದ ಶರೀಫ ಸಾಹೇಬರೂ ಒಬ್ಬರು. 1819ರಲ್ಲಿ ಹುಟ್ಟಿದ ಅವರ ಗುರು ಗೋವಿಂದ ಭಟ್ಟರು. ಮಾಳಿಗೆ ಸೋರುವುದರ ಮೇಲೆ ಅವರು ಕಟ್ಟಿದ ಪದ ಎಲ್ಲರಿಗೂ ಗೊತ್ತು. ಆ ಪದ ನಮ್ಮ ಕರಾವಳಿಯಲ್ಲಿ ಹುಟ್ಟಲು ಸಾಧ್ಯವೇ ಇರಲಿಲ್ಲ ಎಂದು ಇಲ್ಲಿನ ಮಣ್ಣಿನ ಮಾಳಿಗೆ ಮನೆ ನೋಡಿದ ಮೇಲೆ ತಿಳಿಯಿತು. ನಮ್ಮ ಮಳೆಗೆ ಸಪಾಟು ಮಣ್ಣಿನ ಮಾಳಿಗೆ ಒಂದು ಆಟಿ ತಿಂಗಳೂ ತಾಳದು. ಅಲ್ಲಿ ಮನೆಯೂ ಇಳಿಜಾರು ಮಾಡಿನದ್ದು, ಪಳ್ಳಿಯೂ ಇಳಿಜಾರು ಮಾಡಿನದ್ದು. ಮಂಗಳೂರು ಬಂದರಿನ ಝೀನತ್ ಬಕ್ಷ್ ಪಳ್ಳಿಯ ಒಳಗಿನ ಮರದ ಕೆತ್ತನೆ ಕಂಬಗಳನ್ನೂ, 1656ರಲ್ಲಿ ಮುಗಿದ ವಿಜಯಪುರದ ಗೋಲ್ ಗುಂಬಝ್‌ನ ಕಲ್ಲನ್ನೂ ಒಟ್ಟಿಗೆ ನೆನೆಸಿಕೊಳ್ಳಿ. ಒಂದು ಕಾಡಿನ, ಮಳೆಯ ನಾಡಿನದ್ದು. ಮತ್ತೊಂದು ಕಲ್ಲಿನ, ಬಿಸಿಲಿನ ನಾಡಿನದ್ದು.

ನಿಸ್ಕಾರ, ನೋಂಬು, ಪಳ್ಳಿ

ದಾರಿಯ ಗುರುತು ಎಲ್ಲಕ್ಕಿಂತ ಚೆನ್ನಾಗಿ ಉಳಿದಿರುವುದು ಮಾತಿನಲ್ಲಿ. ಅರಬಿಯಲ್ಲಿ ಸಲಾತ್. ಇರಾನ್ ದಾಟಿ ಬಂದವರು ಅದನ್ನು ಫಾರ್ಸಿಯಲ್ಲಿ ನಮಾಝ್ ಎಂದರು. ನಮ್ಮ ಉಮ್ಮ ಅನ್ನುವುದು 'ನಿಸ್ಕಾರ'. ಅದು ನಮಸ್ಕಾರದಿಂದ ಬಂದ ಪದ. ಅರಬಿಯ ಸೌಮ್ ಇಲ್ಲಿ ರೋಝಾ, ನಮ್ಮಲ್ಲಿ 'ನೋಂಬು'. ಇಲ್ಲಿ ಮಸ್ಜಿದ್, ಅಲ್ಲಿ 'ಪಳ್ಳಿ'. ಇಲ್ಲಿ ಈದ್, ಅಲ್ಲಿ 'ಪೆರ್ನಾಳ್'. ಸಾಮ್ರಾಜ್ಯದ ದಾರಿಯಲ್ಲಿ ಬಂದ ದೀನ್ ಆಸ್ಥಾನದ ಭಾಷೆಯನ್ನು ಜತೆಗೆ ತಂದಿತು. ವ್ಯಾಪಾರದ ದಾರಿಯಲ್ಲಿ ಬಂದ ದೀನ್ ಅಡುಗೆಮನೆಯ ಭಾಷೆಯನ್ನು ಇಲ್ಲೇ ಎತ್ತಿಕೊಂಡಿತು. ಇಂಡೋನೇಶಿಯಾದಲ್ಲಿ ಉಪವಾಸಕ್ಕೆ 'ಪುವಾಸಾ' ಅನ್ನುತ್ತಾರೆ. ಅದು ನಮ್ಮ 'ಉಪವಾಸ' ಪದವೇ, ಹಡಗು ಹತ್ತಿ ಹೋದದ್ದು.

'ಪಳ್ಳಿ'ಯ ಕತೆ ಇನ್ನೂ ಸೊಗಸು. ತಮಿಳು, ಮಲಯಾಳಂನ ಹಳೆಯ ಬಳಕೆಯಲ್ಲಿ ಅದು ಜೈನರ, ಬೌದ್ಧರ ಆರಾಧನೆಯ ಜಾಗ. ಆಮೇಲೆ ಅದೇ ಪದ ಕ್ರೈಸ್ತರ ಇಗರ್ಜಿಗೂ, ಮುಸ್ಲಿಮರ ಮಸೀದಿಗೂ ಸಂದಿತು. ಕನ್ನಡದಲ್ಲಿ ಅದೇ 'ಪಳ್ಳಿ' ನಮ್ಮ 'ಹಳ್ಳಿ' ಆಗಿದೆ. ಹೊಸದಾಗಿ ಬಂದ ಆರಾಧನೆಗೆ ನಾಡು ತನ್ನ ಹಳೆಯ ಪದವನ್ನೇ ಕೊಟ್ಟು ಜಾಗ ಮಾಡಿಕೊಟ್ಟಿತು.

ಮರುಭೂಮಿಯ ಗಡಿಯಾರ, ಮಳೆಗಾಲದ ವ್ರತ

ಇದು ನಮ್ಮ ಎರಡು ದಾರಿಗಳಿಗೆ ಮಾತ್ರ ಸೇರಿದ ಮಾತಲ್ಲ. ಲೋಕದ ದೊಡ್ಡ ಧರ್ಮಗಳ ಹುಟ್ಟಿನಲ್ಲೇ ನೆಲದ ಗುರುತು ಇದೆ.

ಮಕ್ಕಾ ಬೆಳೆ ಬೆಳೆಯದ ಕಣಿವೆ. ಇಬ್ರಾಹೀಮರ ದುಆದಲ್ಲೇ ಆ ಮಾತು ಬರುತ್ತದೆ. ಝಮ್‌ಝಮ್ ಇಲ್ಲದಿದ್ದರೆ ಅಲ್ಲಿ ಊರು ನಿಲ್ಲುತ್ತಿರಲಿಲ್ಲ. ಚಳಿಗಾಲ, ಬೇಸಿಗೆಯ ವ್ಯಾಪಾರದ ಪ್ರಯಾಣ ಇಲ್ಲದಿದ್ದರೆ ಖುರೈಶರ ಹೊಟ್ಟೆ ತುಂಬುತ್ತಿರಲಿಲ್ಲ. ಆ ಪ್ರಯಾಣಗಳ ಮಾತು ಬರುವ ಒಂದು ಸೂರಾ ಇದೆ. ನಮಾಝಿನ ಹೊತ್ತು ಸೂರ್ಯನ ನೆರಳಿನ ಲೆಕ್ಕ. ಬಯಲಲ್ಲಿ ಒಂದು ಕೋಲು ನೆಟ್ಟರೆ ಸಾಕು, ಗಡಿಯಾರ ಬೇಡ. ನೀರು ಸಿಗದಿದ್ದರೆ ಮಣ್ಣಿನಿಂದ ತಯಮ್ಮುಮ್. ಬಾವಿ, ಕೆರೆ, ಹೊಳೆಗಳ ನಡುವೆ ಬೆಳೆದ ನಾವು ತಯಮ್ಮುಮ್ ಅನ್ನು ಪರೀಕ್ಷೆಗೆ ಮಾತ್ರ ಬಾಯಿಪಾಠ ಮಾಡಿದವರು. ಹುಬ್ಬಳ್ಳಿಗೆ ಬಂದು ನಲ್ಲಿಯಲ್ಲಿ ನೀರು ಬರುವ ದಿನ ಎಣಿಸಿ ಕೊಡ ತುಂಬಿಸುವಾಗಲೇ ವುಳೂಗೆ ನೀರು ಹಿತಮಿತವಾಗಿ ಬಳಸಬೇಕೆಂಬ ಪಾಠದ ಬೆಲೆ ಗೊತ್ತಾದದ್ದು. ಬೆಳೆಯ ಝಕಾತಿನ ಲೆಕ್ಕದಲ್ಲೂ ನೆಲ, ನೀರು ಇದೆ. ಮಳೆ ನೀರಿನ ಬೆಳೆಗೆ ಹತ್ತರಲ್ಲಿ ಒಂದು ಪಾಲು. ಕಷ್ಟಪಟ್ಟು ನೀರು ಹಾಯಿಸಿದ ಬೆಳೆಗೆ ಇಪ್ಪತ್ತರಲ್ಲಿ ಒಂದು.

ಬುದ್ಧ, ಮಹಾವೀರರು ನಡೆದದ್ದು ಗಂಗೆಯ ಬಯಲಲ್ಲಿ. ಅಲ್ಲಿ ನಾಲ್ಕು ತಿಂಗಳು ಮಳೆ, ಕೆಸರು, ಎಲ್ಲೆಲ್ಲೂ ಮೊಳಕೆ, ಹುಳು. ಊರೂರು ತಿರುಗುವ ಸನ್ಯಾಸಿ ನಡೆದರೆ ಜೀವಹಿಂಸೆ. ಆದ್ದರಿಂದ ಮಳೆಗಾಲದಲ್ಲಿ ಒಂದೇ ಕಡೆ ನಿಲ್ಲುವ ವ್ರತ ಬಂತು. ಬೌದ್ಧರ ವರ್ಷಾವಾಸ, ಜೈನರ ಚಾತುರ್ಮಾಸ ಹುಟ್ಟಿದ್ದು ಹೀಗೆ. ಹುಬ್ಬಳ್ಳಿಯ ಜೈನ ಬಂಧುಗಳಲ್ಲಿ ಮುನಿಗಳ ಚಾತುರ್ಮಾಸ ಇಂದಿಗೂ ನಡೆಯುತ್ತದೆ. ಗಂಗೆಯ ಬಯಲಿನ ಕೆಸರು ಇಲ್ಲದ ಊರಲ್ಲೂ ಆ ವ್ರತ ಉಳಿದಿದೆ.

ನಮ್ಮ ಕರಾವಳಿಯ ಕ್ರೈಸ್ತರ ಮೊಂತಿ ಹಬ್ಬವನ್ನೇ ನೋಡಿ. ಸೆಪ್ಟೆಂಬರ್ 8 ಲೋಕದ ಕಥೊಲಿಕರಿಗೆಲ್ಲ ಮರಿಯಮ್ಮನ ಹುಟ್ಟುಹಬ್ಬ. ಮಂಗಳೂರಿನಲ್ಲಿ ಮಾತ್ರ ಅದು ಹೊಸ ತೆನೆಯ ಹಬ್ಬವೂ ಹೌದು, ಏಕೆಂದರೆ ನಮ್ಮ ಗದ್ದೆಯಲ್ಲಿ ಭತ್ತ ತೆನೆ ಬಿಡುವುದು ಆ ಹೊತ್ತಿಗೆ. ಇತ್ತ ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಶರಣರು ಲಿಂಗವನ್ನು ಗುಡಿಯಿಂದ ಅಂಗೈಗೆ ತಂದರು. ದೋಣಿ ನಡೆಸುವವರು, ಚಮ್ಮಾರರು, ಮಡಿವಾಳರು, ನೇಕಾರರು ಸೇರಿದ್ದ ಆ ಬಳಗಕ್ಕೆ ದುಡಿಯುವ ಜಾಗದಲ್ಲೇ ಜತೆಗಿರುವ ಆರಾಧನೆ ಬೇಕಿತ್ತು.

ಹಾಗಾದರೆ ಎಲ್ಲವೂ ಮಣ್ಣಿನದ್ದೇ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈಗ ಕಾಲೇಜಿಗೆ ಹೋಗುವ ದೊಡ್ಡ ಮಗಳು ನಮ್ಮ ಮುಂದೆ ಅದನ್ನು ನೇರವಾಗಿಯೇ ಇಟ್ಟಳು: "ನೆಲ, ಗಾಳಿ, ಮಳೆಯೇ ಧರ್ಮವನ್ನು ಮಾಡುವುದಾದರೆ ಅದರಲ್ಲಿ ಅಲ್ಲಾಹನದ್ದು ಏನು ಉಳಿಯಿತು?"

ಗದರಿಸಿ ಸುಮ್ಮನಾಗಿಸುವ ಪ್ರಶ್ನೆ ಇದಲ್ಲ. ನಾವು ಯೋಚಿಸಿ ಹೇಳಿದ್ದು ಇಷ್ಟು. ಪ್ರತಿ ಪ್ರವಾದಿಯನ್ನೂ ಅವರ ಜನರ ಭಾಷೆಯಲ್ಲೇ ಕಳುಹಿಸಲಾಯಿತು ಎಂದು ಕುರ್‌ಆನೇ ಹೇಳುತ್ತದೆ. ಅಂದರೆ ಸಂದೇಶ ಬರುವುದು ಮನುಷ್ಯರು ಇರುವ ಜಾಗಕ್ಕೆ, ಅವರ ಮಾತಿನಲ್ಲಿ, ಅವರ ಬಿಸಿಲು, ಬಾಯಾರಿಕೆ ಗೊತ್ತಿದ್ದುಕೊಂಡು. ನೀರು ಕೊಡದ ಆಕಾರವನ್ನು ಪಡೆದರೆ ಕೊಡವೇ ನೀರನ್ನು ಮಾಡಿತು ಎಂದು ಯಾರೂ ಹೇಳುವುದಿಲ್ಲ.

ಇನ್ನೊಂದು ಮಾತೂ ಇದೆ. ಮಕ್ಕಾದಂಥ ಬರಡು ಕಣಿವೆಗಳು ಲೋಕದಲ್ಲಿ ನೂರಾರು ಇವೆ. ಎಲ್ಲ ಕಡೆಯೂ ಒಂದು ಧರ್ಮ ಹುಟ್ಟಲಿಲ್ಲ. ಗಂಗೆಯ ಬಯಲಲ್ಲಿ ಕೆಸರು ತುಳಿದವರು ಲಕ್ಷಾಂತರ. ಹುಳುವಿನ ಜೀವಕ್ಕಾಗಿ ಹೆಜ್ಜೆ ನಿಲ್ಲಿಸಿದವರು ಕೆಲವರು. ನೆಲ ದಾರಿಯನ್ನು ಕೊಡುತ್ತದೆ, ನಡೆಯುವುದು ಮನುಷ್ಯ. ಕಡಲಿನ ಜೀವಿಗಳ ವಿಷಯದಲ್ಲೂ ಅಷ್ಟೆ. ಕರಾವಳಿಯವರು ಮರುವಾಯಿ ತಿನ್ನುತ್ತಾರೆ ಎಂದು ಶಾಫಿ ಮದ್‌ಹಬ್ ಅದನ್ನು ಹಲಾಲ್ ಮಾಡಿದ್ದಲ್ಲ. ಆ ತೀರ್ಮಾನ ಮಂಗಳೂರನ್ನು ಕಾಣದ ಇಮಾಮರದ್ದು, ಆಯತ್, ಹದೀಸ್ ನೋಡಿ ಕೊಟ್ಟದ್ದು. ಹನಫಿಗಳು ಅದೇ ಆಯತ್, ಹದೀಸ್ ಓದಿ ಕಡಲಿನ ಜೀವಿಗಳಲ್ಲಿ ಮೀನು ಮಾತ್ರ ಎಂದರು. ಸಿಗಡಿ ಮೀನೋ ಅಲ್ಲವೋ ಎಂಬ ಚರ್ಚೆ ಅವರ ಉಲಮಾಗಳಲ್ಲೇ ಇದೆ. ಪಕ್ಕದ ಮನೆಯವರು ಪಾತ್ರೆ ವಾಪಸು ಕೊಟ್ಟದ್ದು ನಮ್ಮನ್ನು ಹಗುರ ಮಾಡಲು ಅಲ್ಲ. ಮುಂದಿನ ಸಲ ನಾವು ಬಂಗುಡೆ ಕಳುಹಿಸಿದೆವು. ಪಾತ್ರೆ ತುಂಬ ಹೋಳಿಗೆ ಬಂತು.

ಇಮಾಮರೇ ಕಲಿಸಿದ ಅದಬ್

ನಮ್ಮ ಇಮಾಮ್ ಶಾಫಿಯವರ ಬದುಕೇ ಒಂದು ಪ್ರಯಾಣ. ಹುಟ್ಟಿದ್ದು 767ರಲ್ಲಿ ಗಾಝಾದಲ್ಲಿ, ಬೆಳೆದದ್ದು ಮಕ್ಕಾದಲ್ಲಿ, ಇಮಾಮ್ ಮಾಲಿಕರಲ್ಲಿ ಕಲಿತದ್ದು ಮದೀನದಲ್ಲಿ, ಪಾಠ ಹೇಳಿದ್ದು ಬಗ್ದಾದಿನಲ್ಲಿ, 820ರಲ್ಲಿ ತೀರಿಕೊಂಡದ್ದು ಈಜಿಪ್ಟಿನಲ್ಲಿ. ಇರಾಕಿನಲ್ಲಿ ಕೊಟ್ಟ ಎಷ್ಟೋ ತೀರ್ಮಾನಗಳನ್ನು ಈಜಿಪ್ಟಿಗೆ ಬಂದ ಮೇಲೆ ಅವರೇ ಮತ್ತೆ ನೋಡಿ ಬದಲಿಸಿದರು. ಮೊದಲಿನವಕ್ಕೆ 'ಖದೀಮ್', ಆಮೇಲಿನವಕ್ಕೆ 'ಜದೀದ್' ಎಂದು ಇಂದಿಗೂ ನಮ್ಮ ದರ್ಸ್‌ಗಳಲ್ಲಿ ಹೇಳುತ್ತಾರೆ. ಊರು ಬದಲಾದಾಗ ಹೊಸ ಜನ, ಹೊಸ ಹದೀಸ್, ಹೊಸ ಸಂದರ್ಭ ಎದುರಾದವು. ಹಳೆಯ ಮಾತಿಗೇ ಅಂಟಿಕೊಂಡು ಕೂರಲಿಲ್ಲ.

ಇಮಾಮ್ ಅಬೂ ಹನೀಫರದ್ದು ಇರಾಕಿನ ಕೂಫಾ. ಅರಬರು, ಇರಾನಿನವರು, ಬಗೆಬಗೆಯ ಕಸುಬಿನವರು ಸೇರಿದ ಪಟ್ಟಣ. ಸ್ವತಃ ಬಟ್ಟೆ ವ್ಯಾಪಾರಿ. ದಿನಕ್ಕೊಂದು ಹೊಸ ಸಮಸ್ಯೆ ಬರುವ ಪೇಟೆಯಲ್ಲಿ ವಿವೇಚನೆಗೆ ಹೆಚ್ಚು ಜಾಗ ಬೇಕಾಯಿತು. ಇಮಾಮ್ ಮಾಲಿಕರು ಮದೀನದವರು. ಪ್ರವಾದಿಯವರ ಊರಿನ ಜನರ ರೂಢಿಯೇ ಅವರಿಗೆ ದೊಡ್ಡ ಸಾಕ್ಷಿ. ಮಾಲಿಕರ 'ಮುವತ್ತ' ಗ್ರಂಥವನ್ನು ಇಡೀ ರಾಜ್ಯದ ಕಾನೂನು ಮಾಡುತ್ತೇನೆ ಎಂದು ಖಲೀಫರು ಹೊರಟಾಗ ಮಾಲಿಕರೇ ಬೇಡ ಎಂದರು ಎಂಬ ಪ್ರಸಂಗ ಪ್ರಸಿದ್ಧ. ಸಹಾಬಿಗಳು ನಾಡುನಾಡಿಗೆ ಹೋಗಿದ್ದಾರೆ, ಪ್ರತಿ ನಾಡಿನವರೂ ಅವರಿಂದ ಕಲಿತದ್ದನ್ನು ಪಾಲಿಸುತ್ತಿದ್ದಾರೆ, ಜನರನ್ನು ಅವರ ಪಾಡಿಗೆ ಬಿಡಿ ಎಂಬುದು ಅವರ ನಿಲುವು.

ಉಲಮಾಗಳ ಬಾಯಲ್ಲಿ ಕೇಳಿಬರುವ ಇನ್ನೊಂದು ಪ್ರಸಂಗ ನಮ್ಮ ಮಗನ ಪ್ರಶ್ನೆಗೇ ಹೇಳಿ ಮಾಡಿಸಿದ್ದು. ಇಮಾಮ್ ಶಾಫಿಯವರು ಬಗ್ದಾದಿನಲ್ಲಿ ಅಬೂ ಹನೀಫರ ಖಬರಿನ ಹತ್ತಿರ ಸುಬ್‌ಹಿ ನಮಾಝ್ ಮಾಡಿದರಂತೆ. ಆ ದಿನ ಅವರು ಕುನೂತ್ ಓದಲಿಲ್ಲವಂತೆ, ಅಲ್ಲಿ ಮಲಗಿರುವವರ ಗೌರವಕ್ಕಾಗಿ.

ಈಗ ಸಂಸಾರವೇ ಘಟ್ಟ ಹತ್ತಿದೆ

ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಪರದೇಶದ ಪೇಟೆಯಲ್ಲಿ ಅದರ ಹೆಸರೇ 'ಕುಮಟಾ ಹತ್ತಿ'. ಸರಕು ಘಟ್ಟ ದಾಟಿತು, ಮದ್‌ಹಬ್ ದಾಟಲಿಲ್ಲ. ಗಾಡಿ ಹೊಡೆದವರು ಸರಕು ಇಳಿಸಿ ತಮ್ಮ ತಮ್ಮ ಮನೆಗೆ ಹಿಂತಿರುಗಿದರು. ಧರ್ಮದ ರೂಪ ಸರಕಿನ ಜತೆ ಹೋಗುವುದಿಲ್ಲ, ಸಂಸಾರದ ಜತೆ ಹೋಗುತ್ತದೆ. ಗಾಳಿ ಕಾಯುತ್ತ ದಡದಲ್ಲಿ ಮನೆ ಹೂಡಿದವರಿಂದ ನಾವು ಬ್ಯಾರಿಗಳಾದೆವು.

ಈಗ ಮೊದಲ ಸಲ ಸಂಸಾರಗಳೇ ದೊಡ್ಡ ಪ್ರಮಾಣದಲ್ಲಿ ಘಟ್ಟ ಹತ್ತಿವೆ. ನಮ್ಮ ಮಕ್ಕಳು ದಖ್ಖನಿಯಲ್ಲಿ ಜಗಳವಾಡುತ್ತಾರೆ, ಹುಬ್ಬಳ್ಳಿ ಕನ್ನಡದಲ್ಲಿ ನಗುತ್ತಾರೆ, ಬ್ಯಾರಿಯಲ್ಲಿ ಉಮ್ಮನ ಫೋನಿಗೆ ಮಾತ್ರ ಉತ್ತರಿಸುತ್ತಾರೆ. ನಮಗೆ ಹೆದರಿಕೆ ಇರುವುದು ಇಲ್ಲಿ. ಮಗ ಹನಫಿ ಇಮಾಮರ ಹಿಂದೆ ನಿಂತ ಎಂಬುದಕ್ಕೆ ಅಲ್ಲ. ನಿಸ್ಕಾರ, ನೋಂಬು, ಪೆರ್ನಾಳ್ ಎಂಬ ಪದಗಳು ಅವನ ಮಕ್ಕಳ ಬಾಯಲ್ಲಿ ಇರುವುದಿಲ್ಲವಲ್ಲ ಎಂಬುದಕ್ಕೆ. 2009ರಲ್ಲಿ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಮಾಡಿತು, 2011ರ 'ಬ್ಯಾರಿ' ಸಿನೆಮಾಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು. ಆದರೆ ಭಾಷೆ ಉಳಿಯುವುದು ಊಟದ ಹೊತ್ತಿಗೆ ಮನೆಯಲ್ಲಿ ಏನು ಮಾತಾಡುತ್ತೇವೆ ಎಂಬುದರಲ್ಲಿ.

ಗಲ್ಫಿನಲ್ಲಿರುವ ನಮ್ಮವರು ಇದನ್ನು ಆಗಲೇ ಕಂಡಿದ್ದಾರೆ. ಒಮಾನಿನಲ್ಲಿ ಕೈ ಕಟ್ಟದೆ ನಮಾಝ್ ಮಾಡುವ ಇಬಾಳಿಗಳ ಪಕ್ಕ ನಿಂತವರು, ಎಮಿರೇಟ್ಸ್‌ನಲ್ಲಿ ಮಾಲಿಕಿಗಳನ್ನು ಕಂಡವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇದ್ದಾರೆ. ಅವರು ರಜೆಯಲ್ಲಿ ಬಂದಾಗ ಮಕ್ಕಳನ್ನು ಪಕ್ಕ ಕೂರಿಸಿ ಈ ಅನುಭವ ಹೇಳಿಸಬೇಕು. ನಮಾಝಿನ ಸೂಕ್ಷ್ಮ ಮಸ್‌ಅಲಾಗಳನ್ನು ಉಸ್ತಾದರಲ್ಲಿ ಕೇಳೋಣ. ಆದರೆ 'ಅವರದ್ದು ತಪ್ಪು' ಎಂಬ ಮಾತು ನಮ್ಮ ಮನೆಯ ಜಗಲಿಯಲ್ಲಿ ಹುಟ್ಟುವುದು ಬೇಡ. ಎರಡೂ ದಾರಿ ಕೂಡುವ ಜಾಗಗಳೂ ಇವೆ. ಬಗ್ದಾದಿನ ಶೇಖ್ ಅಬ್ದುಲ್ ಖಾದಿರ್ ಜೀಲಾನಿಯವರ ನೆನಪಿಗೆ ಹುಬ್ಬಳ್ಳಿಯಲ್ಲಿ ಗ್ಯಾರವೀ ಶರೀಫ್. ಅವರದೇ ನೆನಪಿಗೆ ಕರಾವಳಿಯಲ್ಲಿ ಮುಹ್ಯುದ್ದೀನ್ ಮಾಲೆ. ಕಲ್ಲಿಕೋಟೆಯ ಖಾಝಿ ಮುಹಮ್ಮದ್ ಅದನ್ನು ಬರೆದದ್ದು 1607ರಲ್ಲಿ. ಒಬ್ಬರೇ ಮಹಾತ್ಮರ ಹೆಸರು ಕಡಲಲ್ಲೂ ಬಂದಿದೆ, ಘಟ್ಟದ ಮೇಲೂ ಬಂದಿದೆ.

ಮಗನ ಪ್ರಶ್ನೆಗೆ ಕೊನೆಗೆ ಉತ್ತರ ಕೊಟ್ಟದ್ದು ನಾವಲ್ಲ. ಒಂದು ವಾರದ ಮೇಲೆ ಅವನೇ ನಮಾಝ್ ಮುಗಿದ ಬಳಿಕ ಇಮಾಮರ ಹತ್ತಿರ ಹೋಗಿ ಕೇಳಿದ. ಪ್ರಾಯದವರು, ಇದೇ ಸೀಮೆಯವರು. ಅವನ ತಲೆ ಮೇಲೆ ಕೈ ಇಟ್ಟು ನಕ್ಕರು.

"ನಿಮ್ಮ ಕಡೆ ಕುನೂತ್ ಮುಂಜಾನೆ ಓದ್ತಾರಪ್ಪಾ. ನಾವು ರಾತ್ರಿ ವಿತ್ರ್‌ದಾಗ ಓದ್ತೀವಿ. ಓದೋದು ಇಬ್ಬರೂ ಓದ್ತೀವಲ್ಲ?"

ಹುಡುಗ ತಲೆ ಅಲ್ಲಾಡಿಸಿದ. ಆ ರಾತ್ರಿ ಇಶಾಕ್ಕೆ ನಾವು ಕರೆಯುವ ಮೊದಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.